ಪಾಠದ ಕಾಡು, ನಮ್ಮ ಕಾಡು

 

ನಮ್ಮ ಊರಿನ ಹೆಸರಿನಲ್ಲೇ ಎಮ್ಮೆಯೂ ಐತೆ, ದೊಡ್ಡಿಯೂ ಐತೆ. ಗುಡ್ಡದ ಬುಡದಲ್ಲಿ ದನ-ಎಮ್ಮೆ ಕಟ್ಟಿಕೊಂಡು ಬದುಕಿದ ಜನರ ಊರು ಇದು ಎಂದು ಹೆಸರೇ ಹೇಳುತ್ತದೆ. ಪಡುವಲಕ್ಕೆ ತಿರುಗಿ ನಿಂತರೆ ಬಾಬಾಬುಡನ್ ಗಿರಿಯ ಸಾಲು. ಮೂಡಲಕ್ಕೆ ತಿರುಗಿದರೆ ಕಡೂರಿನ ಬಯಲು ಸೀಮೆ. ಒಂದು ಕಾಲು ಮಲೆನಾಡಿನಲ್ಲಿ, ಇನ್ನೊಂದು ಕಾಲು ಬಯಲಿನಲ್ಲಿ ಇಟ್ಟುಕೊಂಡು ನಿಂತ ಊರು ನಮ್ಮದು. ಆದರೆ ನಮ್ಮ ಪರಿಸರದ ಪಾಠದಲ್ಲಿ ಈ ಊರು ಎಲ್ಲೂ ಕಾಣುವುದಿಲ್ಲ. ಅದರ ಬಗ್ಗೆ ನನಗೆ ತೋಚಿದ ನಾಲ್ಕು ಮಾತು ಬರೆಯುತ್ತಿದ್ದೇನೆ. ತಾಳ್ಮೆಯಿಂದ ಓದಿರಿ.

ಮಳೆಕಾಡು ಎಂದರೆ ನಾವೆಲ್ಲ ಒಂದೇ ಉಸಿರಿಗೆ 'ಅಮೆಜಾನ್' ಅನ್ನುತ್ತೇವೆ. ಅದು ನಿಜವೇ. ಆದರೆ ಮಳೆಕಾಡು ನೋಡೋಕೆ ಸಮುದ್ರ ದಾಟಬೇಕಾಗಿಲ್ಲ. ನಮ್ಮಿಂದ ಆಗುಂಬೆಗೆ ಹಕ್ಕಿ ಹಾರುವ ದಾರಿಯಲ್ಲಿ ನೂರು ಕಿಲೋಮೀಟರೂ ಇಲ್ಲ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುತ್ತದೆ. ಕಡೂರಿನಲ್ಲಿ ಬೀಳುವುದು ಸುಮಾರು 600 ಮಿಲಿಮೀಟರ್. ಹತ್ತು ಪಟ್ಟಿಗೂ ಹೆಚ್ಚು ವ್ಯತ್ಯಾಸ! ಅರಬ್ಬೀ ಸಮುದ್ರದಿಂದ ಬಂದ ಮೋಡಗಳು ಘಟ್ಟಕ್ಕೆ ತಾಗಿ ಮೇಲೇರಿ ತಣ್ಣಗಾಗುತ್ತವೆ, ಅಲ್ಲೇ ಸುರಿದುಬಿಡುತ್ತವೆ. ಘಟ್ಟ ಇಳಿದು ನಮ್ಮ ಕಡೆ ಬರುವ ಗಾಳಿಯಲ್ಲಿ ಹನಿ ಕಡಿಮೆ. ಇದಕ್ಕೆ ಮಳೆ ನೆರಳು ಅಂತಾರೆ. ನಾವು ಆ ನೆರಳಿನ ಮಕ್ಕಳು.

ಹಾಗಾದರೆ ಆ ಹಸಿರು ಕಾಡಿಗೂ ನಮಗೂ ಏನು ಸಂಬಂಧ? ನೀರಿನ ಸಂಬಂಧ. ಬಾಬಾಬುಡನ್ ಗಿರಿಯ ಎತ್ತರದಲ್ಲಿ ಬೆಟ್ಟದ ಬೋಳು ಹುಲ್ಲುಗಾವಲು, ಅದರ ಕಣಿವೆಗಳಲ್ಲಿ ದಟ್ಟ ಶೋಲಾ ಕಾಡು ಇವೆ. ಇಂಥ ದಟ್ಟ ಹಸಿರು ಕಾಡಿಗೆ ನಮ್ಮ ಹಿರಿಯರು ಕಾನು ಅನ್ನುತ್ತಿದ್ದರು. ಹೊಗರೇಕಾನ್‌ಗಿರಿಯ ಹೆಸರಿನಲ್ಲೇ ಆ ಮಾತು ಕೇಳಿಸುತ್ತದೆ. ಸುರಿದ ಮಳೆ ಒಂದೇ ಸಲಕ್ಕೆ ಓಡಿಹೋಗದ ಹಾಗೆ ಹುಲ್ಲು, ತರಗೆಲೆ, ಬೇರು, ಮಣ್ಣು ಹಿಡಿದಿಟ್ಟುಕೊಳ್ಳುತ್ತವೆ. ಮಳೆ ನಿಂತ ಮೇಲೂ ಹಳ್ಳದಲ್ಲಿ ಸಣ್ಣಗೆ ನೀರು ಹರಿಯುವುದು ಅದರಿಂದ.

ಆ ಗಿರಿಯ ಮೂಡಣ ಇಳಿಜಾರಿನಲ್ಲಿ ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳು ಹುಟ್ಟುತ್ತವೆ. ವೇದಾ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಗೆ ಬರುತ್ತದೆ. ಆವತಿ ನಮ್ಮ ಮದಗದ ಕೆರೆಗೆ ಬರುತ್ತದೆ. ಮುಂದೆ ಎರಡೂ ಕೂಡಿ ವೇದಾವತಿ ಆಗುತ್ತದೆ. ಆ ವೇದಾವತಿಗೆ ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಹತ್ತಿರ 1907ರಲ್ಲಿ ಕಟ್ಟಿ ಮುಗಿಸಿದ್ದೇ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ಅದು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಬರೋಬ್ಬರಿ 89 ವರ್ಷದ ಮೇಲೆ. ಆ ವರ್ಷ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆಯ ನೀರೂ ಸೇರಿತ್ತು. ಗೆಳೆಯರೇ, ಹಿರಿಯೂರಿನವರು ಕುಡಿಯುವ ಲೋಟದಲ್ಲಿ ನಮ್ಮ ಗುಡ್ಡದ ಮಳೆಯೂ ಒಂದಿಷ್ಟು ಇದೆ. ಇದನ್ನು ತಿಳಿದಾಗ ನನಗೆ ಮೈ ಜುಮ್ ಎಂದಿತು.

ಮದಗದ ಕೆರೆಯ ಜನಪದ ಹಾಡು ಕೇಳದವರು ಯಾರಿದ್ದಾರೆ? ಹಾವೇರಿ ಜಿಲ್ಲೆಯ ಮದಗ ಮಾಸೂರಿನವರು ಆ ಹಾಡು ತಮ್ಮ ಕೆರೆಯದು ಅನ್ನುತ್ತಾರೆ. ನಮ್ಮ ಅಜ್ಜಿ ಮಾತ್ರ "ನಮ್ಮ ಕೆರೆದೇ ಕಣೆ, ಯಾರು ಏನಾದ್ರೂ ಅನ್ಲಿ" ಅಂತಾಳೆ. ಹಾಡು ಯಾರದಾದರೂ ಆಗಲಿ, ಕೆರೆಯಂತೂ ನಮ್ಮದು. ಕೆರೆ ತುಂಬಿದ ವರ್ಷ ಕೆಳಗಿನ ಊರುಗಳ ತೆಂಗು, ಅಡಿಕೆ ಉಳಿಯುತ್ತವೆ. ತುಂಬದ ವರ್ಷ ಬೋರ್‌ವೆಲ್ಲಿನಲ್ಲಿ ಗಾಳಿ ಬರುತ್ತದೆ.

ಈಗ ಪಾಠದ ವಿಷಯಕ್ಕೆ ಬರುತ್ತೇನೆ. ಶಾಲೆಯಲ್ಲಿ ಪರಿಸರ ಕಲಿಸಬೇಕು ಎಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತು. ಎಂ.ಸಿ. ಮೆಹ್ತಾ ಎಂಬ ವಕೀಲರು ಹಾಕಿದ್ದ ಅರ್ಜಿಯ ಮೇಲೆ ಬಂದ ತೀರ್ಪು ಅದು. 2001ರಿಂದ ರಾಷ್ಟ್ರೀಯ ಹಸಿರು ಪಡೆ ಎಂಬ ಹೆಸರಿನಲ್ಲಿ ದೇಶದ ಶಾಲೆಗಳಲ್ಲಿ ಇಕೋ ಕ್ಲಬ್ ಶುರುವಾದವು. ನಮ್ಮ ರಾಜ್ಯದ ಅರಣ್ಯ ಇಲಾಖೆ 'ಚಿಣ್ಣರ ವನ ದರ್ಶನ' ಎಂದು ಹಳ್ಳಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಬಹಳ ಕಡೆ ಪರಿಸರ ಎಂದರೆ ಜೂನ್ 5ನೇ ತಾರೀಖು ಒಂದು ಗಿಡ, ಒಂದು ಭಾಷಣ, ಗೋಡೆಯ ಮೇಲೆ ಒಂದು ಘೋಷಣೆ. ಘೋಷಣೆಯಲ್ಲಿ ಯಾವಾಗಲೂ ಒಂದು ಕೊಡಲಿಯ ಚಿತ್ರ, ಅದನ್ನು ಹಿಡಿದ ಒಬ್ಬ ಲುಂಗಿ ಉಟ್ಟ ಮನುಷ್ಯ. ಕೆಳಗೆ 'ಕಾಡು ಕಡಿಯಬೇಡಿ' ಎಂಬ ಬರಹ.

ಆ ಲುಂಗಿ ಉಟ್ಟ ಮನುಷ್ಯ ಯಾರು?

ನನ್ನ ಅಣ್ಣ ಎಂಟನೇ ತರಗತಿಗೆ ಶಾಲೆ ಬಿಟ್ಟ. ಈಗ ಮೇಕೆ ಮೇಯಿಸುತ್ತಾನೆ. ಅವನ ಹೆಗಲ ಮೇಲೂ ಕೊಡಲಿ ಇರುತ್ತದೆ. ಒಂದು ದಿನ ನಾನು ಪರಿಸರದ ಪಾಠವನ್ನು ಜೋರಾಗಿ ಓದುತ್ತಿದ್ದೆ. ಅವನು ಹಗ್ಗ ಹೊಸೆಯುತ್ತಾ ಕೇಳಿಸಿಕೊಂಡು, "ನಿನ್ ಪುಸ್ತಕದಾಗೆ ನಾನು ಕಳ್ಳ ಕಣೆ ಪುಟ್ಟಿ" ಅಂದ. ನಗುತ್ತಲೇ ಅಂದ. ಆದರೆ ಆಮೇಲೆ ಹಗ್ಗ ಅಲ್ಲೇ ಬಿಟ್ಟು ಎದ್ದು ಹೋದ.

ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ನಾಟಿತು. ನಮ್ಮ ಮನೆಗೆ 2016ರ ಉಜ್ವಲ ಯೋಜನೆಯ ಮೇಲೆ ಗ್ಯಾಸ್ ಬಂದಿದೆ. ಆದರೆ ಸಿಲಿಂಡರು ಖಾಲಿಯಾದರೆ ಮತ್ತೆ ತುಂಬಿಸೋ ದುಡ್ಡು ಕೈಯಲ್ಲಿರೋದಿಲ್ಲ. ಅದಕ್ಕೆ ಅವ್ವ ಗ್ಯಾಸನ್ನು ನೆಂಟರು ಬಂದಾಗ ಟೀ ಕಾಯಿಸೋಕೆ ಮಾತ್ರ ಹಚ್ಚುತ್ತಾಳೆ. ಮುದ್ದೆ, ಸಾರು, ಹಂಡೆ ನೀರು ಎಲ್ಲಾ ಸೌದೆ ಒಲೆಯಲ್ಲೇ. ಅವ್ವ ತರುವುದು ಒಣಗಿ ಬಿದ್ದ ಪುಳ್ಳೆ. ಹಾಗಾದರೆ ಅವ್ವ ಕಾಡಿನ ಶತ್ರುವೇ? ಚಿರತೆ ನಮ್ಮ ಹಟ್ಟಿಯ ಕರು ಹೊತ್ತುಕೊಂಡು ಹೋದಾಗ ಅವ್ವ ಅತ್ತಳು. ಆದರೆ ಮಾರನೇ ದಿನ "ಅದಕ್ಕೂ ಹೊಟ್ಟೆ ಐತಲ್ಲ" ಅಂದಳು. ಕಾಡಿನ ಜೊತೆ ಇಷ್ಟು ಹತ್ತಿರ ಇರುವವರಿಗೆ ಪಾಠದಲ್ಲಿ ಸಿಗುವುದು ಬೇಡಿ, ಬೇಡಿ, ಬೇಡಿ ಎಂಬ ಮಾತು ಮಾತ್ರ. ಬದಲಿಗೆ ಏನು ಮಾಡಬೇಕು ಅಂತ ಯಾರೂ ಹೇಳೋದಿಲ್ಲ.

ಇದೇ ಕಷ್ಟ ನಾವು ಪುಸ್ತಕದಲ್ಲಿ ಓದುವ ಅಮೆಜಾನ್ ಕಾಡಿನಲ್ಲೂ ಇತ್ತು. ಬ್ರೆಜಿಲ್ ದೇಶದ ಆಕ್ರೆ ಎಂಬ ರಾಜ್ಯದಲ್ಲಿ ಶಾಪುರಿ ಎಂಬ ಊರಿದೆ. ಅಲ್ಲಿನ ಬಡವರು ಕಾಡಿನೊಳಗೆ ತಾನಾಗಿ ಬೆಳೆದ ರಬ್ಬರ್ ಮರಗಳಿಗೆ ಗಾಯ ಮಾಡಿ ಹಾಲು ಇಳಿಸಿ ಬದುಕುತ್ತಿದ್ದರು. ಮರ ಕಡಿಯುತ್ತಿರಲಿಲ್ಲ, ಹಾಲು ಮಾತ್ರ ಇಳಿಸುತ್ತಿದ್ದರು. ಅವರ ಮಕ್ಕಳಿಗೆ ಶಾಲೆಯೇ ಇರಲಿಲ್ಲ. ಓದು ಬಂದರೆ ತೂಕದ ಲೆಕ್ಕ ಕೇಳುತ್ತಾರೆ ಎಂದು ಧಣಿಗಳಿಗೆ ಶಾಲೆ ಬೇಕಿರಲಿಲ್ಲ. ಅವರಲ್ಲಿ ಚಿಕೊ ಮೆಂಡೆಸ್ ಎಂಬುವನು ದೊಡ್ಡವನಾದ ಮೇಲೆ ಅಕ್ಷರ ಕಲಿತ. ಅವನೂ ಅವನ ಸಂಗಡಿಗರೂ 1981ರಿಂದ ಕಾಡಿನೊಳಗೇ ಶಾಲೆ ಶುರುಮಾಡಿದರು. ಅಲ್ಲಿನ ಮೊದಲ ಪುಸ್ತಕದ ಹೆಸರು 'ಪೊರೊಂಗ'. ಕತ್ತಲಲ್ಲಿ ರಬ್ಬರ್ ಇಳಿಸಲು ಹೋಗುವಾಗ ತಲೆಗೆ ಕಟ್ಟಿಕೊಳ್ಳುವ ದೀಪಕ್ಕೆ ಆ ಹೆಸರು. ಅವರ ಪಾಠದಲ್ಲಿ ಅವರ ಮರ, ಅವರ ದೀಪ, ಅವರ ಲೆಕ್ಕ ಇದ್ದವು. ಕಾಡು ಕಡಿದು ಹುಲ್ಲುಗಾವಲು ಮಾಡಲು ಬಂದ ಜಮೀನುದಾರರ ಮುಂದೆ ಆ ಜನ ಗುಂಪಾಗಿ ನಿಂತು ತಡೆದರು. 1988ರ ಡಿಸೆಂಬರ್ 22ರಂದು ಚಿಕೊ ಮೆಂಡೆಸ್‌ನನ್ನು ಅವನ ಮನೆಯಲ್ಲೇ ಗುಂಡು ಹಾರಿಸಿ ಕೊಂದರು. ಆದರೆ 1990ರಲ್ಲಿ ಅವನ ಹೆಸರಿನಲ್ಲಿ ಸುಮಾರು 9 ಲಕ್ಷ 70 ಸಾವಿರ ಹೆಕ್ಟೇರ್ ಕಾಡನ್ನು ಅಲ್ಲಿಯ ಜನರು ಕಡಿಯದೆ ಬಳಸುವ ಕಾಡು ಎಂದು ಸರ್ಕಾರ ಕಾಯ್ದಿಟ್ಟಿತು.

ನಮ್ಮ ರಾಜ್ಯದಲ್ಲೂ ಇಂಥ ಕತೆ ಇದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯ ಜನ ಮರಗಳನ್ನು ತಬ್ಬಿಕೊಂಡು ಕಡಿತ ನಿಲ್ಲಿಸಿದರು. ಅದೇ ಅಪ್ಪಿಕೋ ಚಳವಳಿ. ಅವರೂ ಸೊಪ್ಪು ತರುವವರು, ಸೌದೆ ತರುವವರು, ದನ ಮೇಯಿಸುವವರೇ. ಕಾಡಿನಿಂದ ಬದುಕುವವರೇ ಕಾಡನ್ನು ಉಳಿಸಿದರು.

ಇನ್ನೊಂದು ಕತೆ ನಮ್ಮ ಪಕ್ಕದ್ದೇ. ಭದ್ರಾ ಕಾಡು 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001-02ರ ಹೊತ್ತಿಗೆ ಕಾಡಿನೊಳಗಿನ ಹಳ್ಳಿಗಳ ನೂರಾರು ಕುಟುಂಬಗಳು ಹೊರಗೆ ಬಂದವು. ಬಹಳ ಮಂದಿ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆ ನಿಂತರು. ಹೊಲ, ಮನೆ, ರಸ್ತೆ, ಶಾಲೆ ಸಿಕ್ಕಿತು. ಕಾಡಿಗೂ ನಿರಾಳ ಆಯಿತು. ಆದರೆ ನನಗೆ ಒಂದು ಯೋಚನೆ ಬರುತ್ತದೆ. ಕಾಡೊಳಗೆ ಹುಟ್ಟಿದ ಅಜ್ಜಂದಿರಿಗೆ ಯಾವ ಬಳ್ಳಿ ಯಾವ ನೋವಿಗೆ ಅಂತ ಗೊತ್ತಿರುತ್ತದೆ. ಬಯಲಿನಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಅದನ್ನು ಯಾರು ಹೇಳಿಕೊಡುತ್ತಾರೆ? ಜನ ಊರು ಬಿಟ್ಟರೆ ಗಂಟು ಮೂಟೆ ಜೊತೆಗೆ ಹೋಗುತ್ತದೆ. ತಿಳುವಳಿಕೆಯನ್ನು ಮಾತ್ರ ಬರೆದಿಡದಿದ್ದರೆ ಅದು ಆ ಅಜ್ಜನ ಜೊತೆಗೇ ಮಣ್ಣಾಗುತ್ತದೆ.

ಇದನ್ನು ಬರೆದಿಡೋಕೆ ಒಂದು ದಾರಿ ಇದೆ ಅಂತ ನನಗೆ ಗೊತ್ತಾದದ್ದು ಈ ವರ್ಷ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಅವರ ಜೊತೆಯವರು 1990ರ ದಶಕದಲ್ಲಿ ಹಳ್ಳಿಗಳಿಗೆ ಹೋಗಿ ಒಂದು ಕೆಲಸ ಮಾಡಿದರು. ಊರಿನ ಗಿಡ, ಹಕ್ಕಿ, ಮೀನು, ಬೀಜ, ಮದ್ದು ಇವುಗಳ ಬಗ್ಗೆ ಜನರಿಗೆ ಗೊತ್ತಿದ್ದದ್ದನ್ನು ಜನರಿಂದಲೇ ಕೇಳಿ ಪುಸ್ತಕದಲ್ಲಿ ದಾಖಲು ಮಾಡಿಸಿದರು. ಶಿಕ್ಷಕರು, ವಿದ್ಯಾರ್ಥಿಗಳೂ ಅದರಲ್ಲಿ ಸೇರಿದ್ದರು. 2002ರ ಜೀವವೈವಿಧ್ಯ ಕಾಯ್ದೆ ಬಂದ ಮೇಲೆ ಪಂಚಾಯ್ತಿಗೆ ಒಂದು ಸಮಿತಿ, ಒಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು ಅಂತಾಯಿತು. ಅಂದರೆ ಕುರಿ ಕಾಯುವವನಿಗೆ, ಸೊಪ್ಪು ತರುವವಳಿಗೆ ಗೊತ್ತಿರೋದು ಸರ್ಕಾರದ ಪುಸ್ತಕದಲ್ಲಿ ಬರೆಯುವಷ್ಟು ಬೆಲೆಯದು!

ಇದನ್ನು ಅಣ್ಣನಿಗೆ ಹೇಳಿದೆ. "ಹೋಗೆ, ನನ್ ಮಾತ ಯಾರ್ ಬರ್ಕಂತಾರೆ" ಅಂದ. "ನಾನು ಬರ್ಕಂತೀನಿ" ಅಂದೆ. ಎರಡು ಭಾನುವಾರ ಅವನ ಜೊತೆ ಮೇಕೆ ಹಿಂದೆ ಹೋದೆ. ನಲವತ್ತಮೂರು ಗಿಡ-ಮರಗಳ ಹೆಸರು ಹೇಳಿದ. ಬರೀ ಹೆಸರಲ್ಲ. ಹೊನ್ನೆ ಮರಕ್ಕೆ ಗಾಯ ಮಾಡಿದರೆ ರಕ್ತದ ಹಾಗೆ ಕೆಂಪು ಅಂಟು ಬರುತ್ತದೆ. ಮತ್ತಿ ಮರದ ತೊಗಟೆ ಮೊಸಳೆ ಚರ್ಮದ ಹಾಗೆ. ಮುತ್ತುಗ ಹೂ ಬಿಟ್ಟರೆ ಶಿವರಾತ್ರಿ ಹತ್ತಿರ, ಕಕ್ಕೆ ಹಳದಿಯಾದರೆ ಬೇಸಿಗೆ ಬಲಿತಿದೆ. ಮುಸುವ ಮರದ ಮೇಲೆ ಕೂತು ನೆಲ್ಲಿಕಾಯಿ ಉದುರಿಸಿದರೆ ಕೆಳಗೆ ಜಿಂಕೆ ಬಂದು ತಿನ್ನುತ್ತವೆ. ಕಾರೆ, ಕವಳೆ, ಬೋರೆ ಯಾವ ತಿಂಗಳು ಹಣ್ಣಾಗುತ್ತವೆ ಎಂದು ಬೆರಳು ಮಡಚಿ ಹೇಳಿದ. ವಿಜ್ಞಾನದಲ್ಲಿ ಫೇಲಾದವನು ಇವನೇನಾ ಅನ್ನಿಸಿತು. ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು 'ಪರಿಸರದ ಕತೆ' ಬರೆದದ್ದು ಇಂಥವರ ಮಾತು ಕೇಳಿಯೇ ಇರಬೇಕು ಅಂತ ನನಗೆ ತೋರುತ್ತದೆ.

ಆದರೆ ಅಣ್ಣನ ಎಲ್ಲಾ ಮಾತಿಗೂ ನಾನು ತಲೆ ಆಡಿಸಲಿಲ್ಲ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳುವುದನ್ನು ನೀವೆಲ್ಲ ನೋಡಿದ್ದೀರಿ. ಸುಟ್ಟರೆ ಮೊದಲ ಮಳೆಗೆ ಎಳೆ ಹುಲ್ಲು ಬರುತ್ತೆ ಎಂಬುದು ಮೇಯಿಸುವವರ ಲೆಕ್ಕ. ಹುಲ್ಲಿನ ಬೇರು ಒಂದು ಬೆಂಕಿಗೆ ಸಾಯುವುದಿಲ್ಲ, ಅದು ನಿಜ. ಆದರೆ ವರ್ಷ ವರ್ಷ ಸುಟ್ಟರೆ ಎಳೆ ಸಸಿಗಳು ಸಾಯುತ್ತವೆ. ಬ್ರಿಟಿಷರ ಕಾಲದಲ್ಲಿ ಹೂದೋಟದ ಚಂದಕ್ಕೆ ತಂದ ಅಮೆರಿಕದ ಲಂಟಾನ ಮಾತ್ರ ಬುಡದಿಂದ ಮತ್ತೆ ಚಿಗುರಿ ಜಾಗ ಹಿಡಿಯುತ್ತದೆ. ಅದನ್ನು ಮೇಕೆಯೂ ಅಷ್ಟಾಗಿ ತಿನ್ನುವುದಿಲ್ಲ. ತರಗೆಲೆ ಸುಟ್ಟ ಬರೀ ನೆಲದ ಮೇಲೆ ದಪ್ಪ ಹನಿ ಬಿದ್ದರೆ ಮಣ್ಣು ಕಿತ್ತುಕೊಂಡು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಹೋಗುತ್ತದೆ. ಕೆರೆಯ ಹೂಳು ಅಂದರೆ ಗುಡ್ಡದ ಮಣ್ಣೇ.

ಇದನ್ನು ಹೇಳಿದಾಗ ಅಣ್ಣ ಕೇಳಿದ: "ಸರಿ, ಸುಡಬ್ಯಾಡ ಅಂತೀಯ. ಬ್ಯಾಸಿಗೇಲಿ ಮ್ಯಾಕೆ ಏನ್ ತಿನ್ಬೇಕು ಹೇಳು?"

ನನ್ನ ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಗೆಳೆಯರೇ, ನಮ್ಮ ಪರಿಸರ ಪಾಠ ಶುರುವಾಗಬೇಕಾದ್ದು ಈ ಪ್ರಶ್ನೆಯಿಂದ. ಮಕ್ಕಳು ಕಲಿತದ್ದು ಮನೆಯ ಕಷ್ಟಕ್ಕೆ ಒದಗದಿದ್ದರೆ ಅಪ್ಪ-ಅಮ್ಮ ಯಾಕೆ ಕೇಳುತ್ತಾರೆ? ನಾನು ನಾಲ್ಕು ಜನ ಹಿರಿಯರನ್ನು ಕೇಳಿದೆ. ಹೊಲದ ಬದುವಿನ ಮೇಲೆ ಅಗಸೆ ಹಾಕಿದರೆ ಬೇಗ ಬೆಳೆದು ಸೊಪ್ಪು ಕೊಡುತ್ತದೆ, ಜಾಲಿ ಕಾಯಿ ಬೇಸಿಗೆಯಲ್ಲಿ ಮೇಕೆಗೆ ಮೇವು ಎಂದರು. ಹಾಗಾದರೆ ಜೂನ್ 5ಕ್ಕೆ ಶಾಲೆಯಲ್ಲಿ ಹೂವಿನ ಗಿಡದ ಜೊತೆಗೆ ಮನೆಗೆ ಎರಡರಂತೆ ಅಗಸೆ ಸಸಿ ಕೊಡಬಾರದೇ? ಎಲ್ಲಾ ಮೇಕೆಯ ಹೊಟ್ಟೆ ಇದರಿಂದ ತುಂಬುವುದಿಲ್ಲ. ಆದರೂ ಅಣ್ಣ "ಈ ಮಾತು ಸರಿ ಐತೆ" ಅಂದು ಬದುವಿನ ಮೇಲೆ ಹನ್ನೆರಡು ಗುಂಡಿ ತೋಡಿದ್ದಾನೆ.

ಗಿಡ ನೆಡುವುದೊಂದೇ ಪರಿಸರ ಅಲ್ಲ ಎಂಬುದಕ್ಕೂ ನಮ್ಮ ತಾಲ್ಲೂಕಿನಲ್ಲೇ ಸಾಕ್ಷಿ ಇದೆ. ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿತು. ಅದು ಹುಲ್ಲುಗಾವಲು. ಅಲ್ಲಿ ಕೃಷ್ಣಮೃಗಗಳು ಇವೆ. ಬಯಲು ಹುಲ್ಲೇ ಅವುಗಳ ಮನೆ. ಖಾಲಿ ಜಾಗ ಎಂದು ಅಲ್ಲಿ ಮರ ತುಂಬಿಬಿಟ್ಟರೆ ಅವು ಎಲ್ಲಿಗೆ ಹೋಗಬೇಕು? ಕಾನಿಗೆ ಕಾನು ಚೆಂದ, ಕಾವಲಿಗೆ ಹುಲ್ಲು ಚೆಂದ. ಯಾವ ಜಾಗಕ್ಕೆ ಯಾವುದು ಅಂತ ತಿಳಿಯುವುದೇ ವಿದ್ಯೆ.

ಕೊನೆಗೆ, ನಮ್ಮ ಶಾಲೆಯಲ್ಲಿ ದುಡ್ಡು ಖರ್ಚಿಲ್ಲದೆ ಮಾಡಬಹುದಾದ ಮೂರು ಕೆಲಸಗಳನ್ನು ಗುರುಗಳ ಮುಂದೆ ಇಡುತ್ತಿದ್ದೇನೆ.

ಒಂದು, ಮಳೆ ಲೆಕ್ಕ. ಬಾಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬ ಬಯಲಲ್ಲಿ ಇಟ್ಟು, ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಸ್ಕೇಲಿನಿಂದ ಅಳೆದು ಬರೆಯುವುದು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚಾವಣಿ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಬಿದ್ದರೆ 60,000 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ 4000 ಕೊಡ! ನಮ್ಮ ತಲೆಯ ಮೇಲೆ ಹರಿದು ಚರಂಡಿಗೆ ಹೋಗುತ್ತಿದೆ.

ಎರಡು, ಮರದ ಪುಸ್ತಕ. ತರಗತಿಗೆ ಒಂದು ನೋಟ್‌ಬುಕ್. ಮರದ ಹೆಸರು, ಹೂ ಬಿಡುವ ತಿಂಗಳು, ಉಪಯೋಗ, ಹೇಳಿದವರ ಹೆಸರು. ಮದ್ದಿನ ವಿಷಯವನ್ನು ಅವರು ಒಪ್ಪಿದರೆ ಮಾತ್ರ ಬರೆಯಬೇಕು. ವರ್ಷ ತುಂಬಿದ ಮೇಲೆ ಪಂಚಾಯ್ತಿಗೆ ಒಂದು ಪ್ರತಿ ಕೊಡೋಣ.

ಮೂರು, ಅರ್ಜಿ ಬರೆಯುವ ಪಾಠ. ಕಾಡುಪ್ರಾಣಿಯಿಂದ ಬೆಳೆ ಹೋದರೆ, ದನ ಸತ್ತರೆ ಪರಿಹಾರಕ್ಕೆ ಅರ್ಜಿ ಹೇಗೆ ಬರೆಯಬೇಕು, ಏನೇನು ಜೋಡಿಸಬೇಕು ಎಂಬುದು ನಮ್ಮ ಮನೆಗಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ರಜೆ ಪತ್ರ ಬರೆಯಲು ಕಲಿಸುವ ಹಾಗೆ ಇದನ್ನೂ ಕಲಿಸಿದರೆ, ಚಿರತೆಯ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ ಎಂದು ನನ್ನ ನಂಬಿಕೆ.

ಮರದ ಪುಸ್ತಕಕ್ಕೆ ಮೊದಲ ನಲವತ್ತಮೂರು ಹೆಸರುಗಳನ್ನು ಪಕ್ಕದ ಹಾಳೆಯಲ್ಲಿ ಅಂಟಿಸಿದ್ದೇನೆ. ಪ್ರತಿ ಹೆಸರಿನ ಮುಂದೆ 'ಹೇಳಿದವರು' ಎಂಬ ಜಾಗದಲ್ಲಿ ಅಣ್ಣನ ಹೆಸರಿದೆ. ಅವನು ಶನಿವಾರ ಸಂಜೆ ಮೇಕೆ ಹೊಡೆದುಕೊಂಡು ಬರುವಾಗ ಕಿಟಕಿಯಿಂದ ನೋಡಿ ಹೋಗುತ್ತೇನೆ ಅಂದಿದ್ದಾನೆ. ನಲವತ್ತನಾಲ್ಕನೇ ಸಾಲು ಖಾಲಿ ಇದೆ. ನಿಮ್ಮ ಮನೆಯ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ, ಅಷ್ಟರೊಳಗೆ ಯಾರಾದರೂ ತುಂಬಿಸಿರಿ.

ಇಂತಿ ನಿಮ್ಮ ಸಹಪಾಠಿ,
ಒಂಬತ್ತನೇ ತರಗತಿಯ ವಿದ್ಯಾರ್ಥಿನಿ